ಮನೆ ನೂಲಿನ ವ್ರತ

ಶಪಥ ಮಾಡಿದ್ದು ಗಂಡ, ಸೊಂಟ ಮುರಿದುಕೊಂಡಿದ್ದು ಹೆಂಡತಿ. ಯಲಹಂಕದ ಪಕ್ಕದ ಹಳ್ಳಿಯ ಮುನಿಕೃಷ್ಣಮ್ಮನ ಬಾಳು ಇಷ್ಟೇ. ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದ ಚಿಕ್ಕಹನುಮಯ್ಯ ಹೊಸ್ತಿಲ ಮೇಲೆ ನಿಂತು, "ಇನ್ಮೇಲೆ ಮಿಲ್ ಬಟ್ಟೆ ಮೈಗೆ ಸೋಕಿಸಲ್ಲ, ಮನೇಲಿ ನೂತಿದ್ದೇ ಉಡೋದು" ಎಂದು ಸಾರಿದ. ಊರವರು ಹಾರ ಹಾಕಿದರು. ನೂಲುವವರು ಯಾರೆಂದು ಒಬ್ಬರೂ ಕೇಳಲಿಲ್ಲ. ಆ ಮಹಾರಾಯನ ಕೈಗೆ ರಾಟೆ ಒಗ್ಗಲೇ ಇಲ್ಲ, ಎಳೆದಷ್ಟೂ ನೂಲು ಕಡಿಯುತ್ತಿತ್ತು. ಕೊನೆಗೆ ರಾಟೆ ಹೆಂಡತಿಯ ಮುಂದೆ ಬಂದು ಕೂತಿತು.

ಮೊದಮೊದಲು ಅವಳು ಬೈದುಕೊಂಡೇ ನೂತಳು. ಹೊಲ, ದನ, ಒಲೆ ಎಲ್ಲ ಮುಗಿಸಿ ಮತ್ತೆ ಈ ಪೀಡೆ ಬೇರೆ. ಆದರೆ ಅವನು ಬೀದಿಯಲ್ಲಿ ಸಿಕ್ಕಸಿಕ್ಕವರಿಗೆ ಪಂಚೆಯ ಅಂಚು ಹಿಡಿದು, "ನಮ್ಮವಳು ನೂತಿದ್ದು ಕಣ್ರೋ" ಎನ್ನುವುದನ್ನು ಕೇಳಿದ ದಿನ ಅವಳ ಸಿಟ್ಟು ಕರಗಿತು. ಬರಬರುತ್ತಾ ವ್ರತ ಅವಳದೂ ಆಯಿತು.

ಸ್ವಾತಂತ್ರ್ಯ ಬಂತು, ಜಾಲಹಳ್ಳಿಗೆ ಕಾರ್ಖಾನೆಗಳು ಬಂದವು, ಊರ ಹುಡುಗರ ಮೈಮೇಲೆ ಟೆರಿಲಿನ್ ಶರ್ಟು ಬಂತು. ಖಾದಿ ಕೇಂದ್ರದಲ್ಲಿ ನೂಲು ಕೊಟ್ಟರೆ ಬದಲಿಗೆ ಬಟ್ಟೆ ಕೊಡುತ್ತಿದ್ದರು. ಚಿಕ್ಕಹನುಮಯ್ಯನಿಗೆ ಅದೂ ಆಗದು. "ಅದ್ಯಾರ ನೂಲೋ ಏನೋ" ಎನ್ನುತ್ತಿದ್ದ. ಹಾಗಾಗಿ ಯಲಹಂಕದ ನೇಕಾರ ವಾಜಿದ್ ಸಾಬರು ಅವಳ ನೂಲನ್ನು ಬೇರೆಯಾಗಿಯೇ ನೇಯ್ದು ಕೊಡುತ್ತಿದ್ದರು.

ಅರವತ್ತರ ದಶಕ ಶುರುವಾಗುವಾಗ ಚಿಕ್ಕಹನುಮಯ್ಯನಿಗೆ ಲಕ್ವ ಹೊಡೆಯಿತು. ಮೈಮೇಲೆ ಉಳಿದದ್ದು ತೇಪೆ ಹಾಕಿದ ಒಂದೇ ಪಂಚೆ. ತೊದಲು ನಾಲಗೆಯಲ್ಲಿ ಅವನು ಕೇಳಿದ್ದೂ ಒಂದೇ: "ನನ್ನ ಕಳಿಸೋವಾಗ ನಿನ್ನ ನೂಲೇ ಹೊದಿಸು." ಅವಳು ಹೂಂ ಎಂದಳು. ನೂತಿಟ್ಟಿದ್ದ ನೂಲಿನ ಲಡಿಗಳನ್ನೆಲ್ಲ ಗಂಟು ಕಟ್ಟಿಕೊಂಡು ಯಲಹಂಕಕ್ಕೆ ನಡೆದಳು.

ವಾಜಿದ್ ಸಾಬರ ಮಗ್ಗದ ಮೇಲೆ ಸೀರೆಗೆಂದು ರೇಷ್ಮೆಯ ಹಾಸುನೂಲು ಏರಿತ್ತು. "ಹೊಟ್ಟೆಪಾಡಮ್ಮ, ಈಗ ಎಲ್ಲಾ ರೇಷ್ಮೇನೇ. ಏರಿಸಿದ್ದನ್ನ ಅರ್ಧಕ್ಕೆ ಇಳಿಸೋಕಾಗಲ್ಲ. ಇದು ಮುಗೀಲಿ, ಮೊದ್ಲು ನಿಮ್ದೇ ಹಾಕ್ತೀನಿ" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಅವಳ ಸಂಕಟ. ಬೈಯಲು ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ಜೀವಕ್ಕೆ ಎಷ್ಟೋ ಹಗುರವಾಗುತ್ತಿತ್ತು. ಲಡಿಗಳನ್ನು ಅಲ್ಲೇ ಬಿಟ್ಟು ಬಂದಳು.

ಸಾವು ಕಾಯಲಿಲ್ಲ. ಮಗ್ಗದ ರೇಷ್ಮೆ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಚಿಕ್ಕಹನುಮಯ್ಯ ಕಣ್ಣು ಮುಚ್ಚಿದ.

ಸಾವಿನ ಮನೆಗೆ ನಂಟರು ಬರಿಗೈಲಿ ಬರುವಂತಿಲ್ಲ, ಹೆಣಕ್ಕೆ ಹೊದಿಸಲು ಹೊಸ ಬಟ್ಟೆ ತರಬೇಕು. ತಂದರು. ಎಲ್ಲವೂ ಮಿಲ್ಲಿನದೇ. ಮುನಿಕೃಷ್ಣಮ್ಮ ಮೈದುನ ಮುನಿನಾರಾಯಣಪ್ಪನ ಕೈ ಹಿಡಿದುಕೊಂಡು, "ಬ್ಯಾಡ ಕಣಪ್ಪ, ಆ ಹಳೇ ಪಂಚೇಲೇ ಕಳಿಸಾನ" ಎಂದು ಬೇಡಿದಳು.

"ಅರ್ದೋಗಿರೋ ಬಟ್ಟೇಲಿ ಅಣ್ಣನ್ನ ಕಳ್ಸೋಕಾಯ್ತದಾ ಅತ್ತಿಗೆ? ತಂದೋರ್ ಬಟ್ಟೆ ಬ್ಯಾಡ ಅಂದ್ರೆ ನಂಟೇ ಕಡ್ದೋಯ್ತದೆ."

ಅಷ್ಟರಲ್ಲಿ ಚಿಕ್ಕಬಾಣಾವರದಿಂದ ಅವಳ ತಮ್ಮ ಚಿಕ್ಕಬೈರಪ್ಪ ಬಂದ. "ಅಕ್ಕಾ, ಭಾವಂಗೆ ಅಂಗಡೀಲಿರೋದ್ರಲ್ಲೇ ಒಳ್ಳೇದು ತಂದಿದೀನಿ" ಎಂದು ಗೊಳೋ ಎಂದು ಅತ್ತ. ಅಂಥವನಿಗೆ ಏನೆಂದು ಹೇಳುವುದು? ತವರಿನ ಬಟ್ಟೆಗೆ ಹೆಂಡತಿಯೇ ಕೈ ಹಚ್ಚಬೇಕೆಂದು ನೆರೆಮನೆಯ ಅಕ್ಕಯ್ಯಮ್ಮ ಅದರ ತುದಿಯನ್ನು ಅವಳ ಕೈಗಿತ್ತಳು.

ಬೆಳ್ಳಗೆ ನುಣ್ಣಗಿದ್ದ ಮಿಲ್ ಪಂಚೆ. ತುದಿಯಲ್ಲಿ ಮಿಲ್ಲಿನ ನೀಲಿ ಮುದ್ರೆ. ಮುನಿಕೃಷ್ಣಮ್ಮ ಅದನ್ನು ತನ್ನ ಕೈಯಾರೆ ಗಂಡನ ಮೇಲೆ ಹೊದಿಸಿದಳು. ಮುದ್ರೆ ಅವನ ಎದೆಯ ಮೇಲೆ ಬಂದು ಕೂತಿತು. ಅದು ಕಾಣದ ಹಾಗೆ ಅಂಚನ್ನು ಒಳಕ್ಕೆ ಮಡಚಿದಳು. ಅವಳ ಕೈಲಾದದ್ದು ಅಷ್ಟೇ.