ಮುಂಭಾಗದ ಸುಣ್ಣ

ಆ ವರ್ಷ ನಮ್ಮ ಮನೆಯ ಚಹಾದ ಚರಟಕ್ಕೆ ಎರಡನೆಯ ಜನ್ಮ ಸಿಕ್ಕಿತು. ತಾಯಿ ಗುಲಾಬಿ ಗಿಡಕ್ಕೆ ಸುರಿಯುತ್ತಿದ್ದುದನ್ನು ನಾನು ಬಾಟಲಿಗೆ ತುಂಬಿ, ದಿನಾಂಕದ ಚೀಟಿ ಅಂಟಿಸಿ ಕಿಟಕಿಯಲ್ಲಿಡುತ್ತಿದ್ದೆ: ಒಂದು ದಿನದ್ದು ಹೊಸ ಧೂಳಿನ ಬಣ್ಣ, ಎಂಟು ದಿನದ್ದು ಹಳೆಯ ತುಕ್ಕಿನ ಬಣ್ಣ. ಪಕ್ಕದಲ್ಲಿ ಇಟ್ಟಿಗೆಯ ಪುಡಿ, ಒಲೆಯ ಮಸಿ. ಊರಿಗಿನ್ನೂ ಗುಲಬರ್ಗಾ ಎನ್ನುತ್ತಿದ್ದ ಕಾಲ. ಬಿಸಿಲು ಪುಕ್ಕಟೆಯಾಗಿ ಎಲ್ಲವನ್ನೂ ಹಳತಾಗಿಸುವ ಇಲ್ಲಿ, ಹೊಸದೊಂದನ್ನು ಹಳತು ಮಾಡಲು ನಾನು ಬೆವರು ಸುರಿಸುತ್ತಿದ್ದೆನೆಂದರೆ ನೀವು ನಗುತ್ತೀರಿ. ಗಾಜಿಪುರದ ನಮ್ಮ ಓಣಿಯೂ ನಕ್ಕಿತ್ತು.

ನಾನು ಮಾಡುತ್ತಿದ್ದದ್ದು ಕಮಲಾಪುರದ ದಾರಿಯಲ್ಲಿನ ಒಂದು ಬಸ್ ತಂಗುದಾಣದ ಪುಟ್ಟ ಮಾದರಿ. ರಟ್ಟು, ತಗಡುಗಳ ಮೊಳದುದ್ದದ ಕಟ್ಟಡ. ಸೋದರತ್ತೆಯ ಮನೆಗೆ ಹೋದಾಗಲೆಲ್ಲ ಅಲ್ಲಿಳಿದು ಎಣಿಸಿ ಬರೆದುಕೊಳ್ಳುತ್ತಿದ್ದೆ: ತಗಡಿನಿಂದಿಳಿದ ತುಕ್ಕಿನ ಗೆರೆ ಹನ್ನೊಂದು, ಬೆನ್ನು ಒರಗಿ ಒರಗಿ ಗೋಡೆ ನುಣುಪಾದ ಜಾಗ ಆರು. ನನಗೆ ಬೇಕಿದ್ದದ್ದು ಇಷ್ಟೇ: ಬಡಾವಣೆಯ ಪ್ರದರ್ಶನದಲ್ಲಿ ಕಮಲಾಪುರದವರು ಯಾರಾದರೂ ಅದನ್ನು ಕಂಡು "ಇದು ನಮ್ಮದು" ಅನ್ನಬೇಕು.

ನನ್ನ ಗುರು ಪಕ್ಕದ ಮನೆಯ ರಹೀಮ್ ಚಾಚಾ, ಅಂಗಡಿಗಳ ಬೋರ್ಡು ಬರೆಯುವವರು. "ಬೇಟಿ, ತುಕ್ಕು ಮನಸಿಗೆ ಬಂದಲ್ಲಿ ಬರೂದಿಲ್ಲ. ನೀರು ಎಲ್ಲಿ ಕುಂದ್ರತದ, ಅಲ್ಲೇ ಬರ್ತದ," ಎನ್ನುತ್ತಿದ್ದರು. ಕಲೆಯೆಂಬುದು ಕೊಳೆಯಲ್ಲ, ವಸ್ತುವೊಂದು ತಾನೇ ಬರೆದುಕೊಂಡ ದಿನಚರಿ ಎಂದು ನನಗೆ ಅವರಿಂದಲೇ ತಿಳಿದದ್ದು.

ಪ್ರದರ್ಶನದ ಮುನ್ನಾದಿನ ಸಮಿತಿಯ ಅಧ್ಯಕ್ಷರು ಪರೀಕ್ಷೆಗೆ ಬಂದರು. ಐವಾನ್-ಎ-ಶಾಹಿ ಪ್ರದೇಶದಲ್ಲಿ ಮನೆಯಿದ್ದ ನಿವೃತ್ತ ಸರ್ಕಾರಿ ಅಧಿಕಾರಿ. ಅವರ ತಲೆಗೂದಲು ಮಾತ್ರ ನಿವೃತ್ತವಾಗಿರಲಿಲ್ಲ. ವಾರಕ್ಕೊಮ್ಮೆ ಕಪ್ಪಾಗಿ ಕರ್ತವ್ಯಕ್ಕೆ ಹಾಜರಾಗುತ್ತಿತ್ತು.

"ಏನವಾ ಇದು? ಮುಖ್ಯ ಅತಿಥಿಗಳು ಬರಾಕತ್ತಾರ, ನೀ ಹೊಲಸು ತಂದಿಡ್ತಿಯೇನು?"

"ಹೊಲಸಲ್ಲರೀ ಸರ್, ಬಣ್ಣ."

"ಹೊಲಸು ಮಾಡ್ಲಿಕ್ಕೂ ಬಣ್ಣ ಬೇಕೇನು ನಿನಗ! ನಾಳೆ ಮುಂಜಾನೆ ಬೆಳ್ಳಗ ಇರಬೇಕು. ಇಲ್ಲಂದ್ರ ಆ ಮೇಜಿನ ಮ್ಯಾಲ ಹೂದಾನಿ ಇಡ್ತೀವಿ."

ಮಾದರಿಯನ್ನು ಎದೆಗವಚಿಕೊಂಡು ಚಾಚಾರ ಬಳಿ ಹೋಗಿ ಅತ್ತೆ. ಅವರು ನಕ್ಕರು.

"ಪೂರಾ ಯಾಕ ಹಚ್ತಿ? ಸಾಹೇಬರು ನಿಂತು ನೋಡೋ ಕಡಿ ಅಷ್ಟೇ ಹಚ್ಚು. ಒಮ್ಮೆ ದೊಡ್ಡವರು ಬರೋ ಮುಂದ ಖರೇ ತಂಗುದಾಣಕ್ಕೂ ಹಂಗೇ ಹಚ್ಚೀವಿ. ನಾನೇ ಇದ್ದೆ."

ಆಮೇಲೆ ಆ ಶಾಸ್ತ್ರವನ್ನೂ ಕಲಿಸಿದರು. ರಸ್ತೆಯ ಕಡೆಗೆ ಮಾತ್ರ ಸುಣ್ಣ. ಅದೂ ಕೈಗೆ ಎಟಕುವಷ್ಟೇ ಎತ್ತರ. ಹಳೆಯ ಜಾಹೀರಾತಿನ ಅಕ್ಷರಗಳು ಒಳಗಿನಿಂದ ಇಣುಕಬೇಕು. ಅವಸರದ ಹನಿಗಳು ಕಟ್ಟೆಯ ಕಲ್ಲಿನ ಮೇಲೆ ಬಿದ್ದಿರಬೇಕು. ಹಿಂಗೋಡೆಯನ್ನು ಮುಟ್ಟಲೇಬಾರದು. ಬೆಳ್ಳಗೆ ಮಾಡುವುದರಲ್ಲೂ ಇಷ್ಟು ಬಗೆಯ ಕೊಳೆಯಿದೆಯೆಂದು ನನ್ನ ನೋಟ್‌ಬುಕ್ಕಿಗೆ ಗೊತ್ತಿರಲಿಲ್ಲ.

ಮರುದಿನ ಮುಖ್ಯ ಅತಿಥಿಗಳು ನನ್ನ ಮೇಜಿನ ಮುಂದೆ ಒಂಬತ್ತು ಸೆಕೆಂಡು ನಿಂತು, "ಸ್ವಚ್ಛ ಅದ," ಎಂದು ಮುಂದೆ ಹೋದರು. ಆ ಸ್ವಚ್ಛತೆಯನ್ನು ತಾವೇ ಹೆತ್ತವರಂತೆ ಅಧ್ಯಕ್ಷರು ನನ್ನ ಮೇಜಿನ ಬಳಿಯೇ ಉಳಿದರು.

ಮಧ್ಯಾಹ್ನ ಕಮಲಾಪುರದಿಂದ ಕೆಂಪು ಬಾಳೆಹಣ್ಣು ತಂದು ಮಾರುವ ಮುದುಕಿ, ಬುಟ್ಟಿ ಖಾಲಿಯಾದ ಮೇಲೆ ಒಳಗೆ ಬಂದಳು. ಮುಂಭಾಗ ನೋಡಿದಳು, ಬಗ್ಗಿ ಸುಣ್ಣದ ಹನಿ ನೋಡಿದಳು, ಮೇಜನ್ನು ಸುತ್ತಿ ಹಿಂದೆ ಹೋದಳು. ಅಲ್ಲಿಂದಲೇ ಕೂಗಿದಳು: "ಯವ್ವಾ, ಇದು ನಮ್ಮದೇ ಅದ! ಉಳದ ದಿನ ಇಲ್ಲೇ ಕುಂತು ಹಣ್ಣು ಮಾರ್ತೀನಿ ನಾ. ದೊಡ್ಡವರು ಬರೋ ದಿನದ್ದು ಮಾಡೀದಿ, ಹೌದಿಲ್ಲೋ?"

ನಾನು ಹೌದೆಂದು ತಲೆಯಾಡಿಸಿದೆ. ಆಕೆಯ ಕಣ್ಣು ಅಷ್ಟರಲ್ಲಿ ಅಧ್ಯಕ್ಷರ ಮೇಲೆ ನಿಂತಿತ್ತು.

"ಸಾಹೇಬ್ರ, ಅವತ್ತು ನಮ್ಮನ್ನ ಎಬ್ಬಿಸಿ ಸುಣ್ಣ ಹೊಡಿಸಿದವರು ನೀವೇ ಅಲ್ಲೇನ್ರೀ?"

ಸುತ್ತಲಿದ್ದವರು ನಕ್ಕರು. ಯಾರೂ ಹಿಂದೆ ಹೋಗದಂತೆ ಅಧ್ಯಕ್ಷರು ಮೇಜನ್ನು ತಳ್ಳಿ ಗೋಡೆಗೆ ಆನಿಸಿ, ಅದರ ಪಕ್ಕದಲ್ಲಿ ಕಾವಲು ನಿಂತರು. ಹನ್ನೊಂದು ಗೆರೆ, ಆರು ನುಣುಪು, ಎಲ್ಲವನ್ನೂ ಎಣಿಸಿ ಮಾಡಿದ್ದ ನನ್ನ ತಂಗುದಾಣದಲ್ಲಿ ಅಧಿಕಾರಿಯೊಬ್ಬರ ಕೊರತೆಯಿತ್ತು. ಈಗ ಅವರೂ ಬಂದರು.