ಮುಚ್ಚದೆ ಬಿಟ್ಟ ಒಂದು ಬದಿ

ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದನ್ನು ನಾನು ಕಲಿತದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಶಿಕಾರಿಪುರದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೆ. ಓಣಿಯ ಅರ್ಧ ಹೆಂಗಸರ ತೋಳು, ಸೊಂಟದ ಸುತ್ತಳತೆ ನನ್ನ ನೋಟ್‌ಬುಕ್ಕಿನಲ್ಲಿತ್ತು. ಸೂಜಿಯ ಕಣ್ಣು ಕಾಣದಂತಾದಾಗ ಎರಡು ಓಣಿ ಆಚೆಯ ಪ್ಲಾನ್ ಆಫೀಸಿಗೆ ಸೇರಿಕೊಂಡೆ. ಕಣ್ಣು ಕಾಣದವಳಿಗೆ ನಕ್ಷೆಯ ಕೆಲಸವೇ ಎಂದು ನನ್ನ ಗಂಡ ನಕ್ಕರು. ಪರದೆಯ ಮೇಲೆ ಗೆರೆಯನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು, ಸೂಜಿಯನ್ನು ಮಾಡಿಕೊಳ್ಳಲಾಗುತ್ತದೆಯೇ ಎಂದು ಅವರ ಬಾಯಿ ಮುಚ್ಚಿಸಿದೆ.

ನಕ್ಷೆ ಬಿಡಿಸುವ ಆ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ನನಗೆ ಹುಚ್ಚು ಹಿಡಿಸಿದ್ದು ಅಳತೆ. ಎಂಥ ಅಂಕುಡೊಂಕು ಆಕಾರವಿರಲಿ, ಅದರ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಸಾಕು, ವಿಸ್ತೀರ್ಣ ಮತ್ತು ಸುತ್ತಳತೆ ಎರಡೂ ಬಂದು ನಿಲ್ಲುತ್ತವೆ. ಟೇಪು ಬೇಡ, ಉಸಿರು ಬಿಗಿಹಿಡಿಯಿರಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ಒಂದು ಮಧ್ಯಾಹ್ನ ಕೆಲಸವಿಲ್ಲದಾಗ ಅಂಬ್ಲಿಗೊಳದ ಜಲಾಶಯದ ಚಿತ್ರವನ್ನು ಪರದೆಗೆ ತಂದು, ಅದರ ದಡವನ್ನೆಲ್ಲ ಸುತ್ತಿ, ಎಷ್ಟು ಕಿಲೋಮೀಟರ್ ಎಂದು ಕಂಡುಹಿಡಿದೆ. ಮನೆಗೆ ಬಂದು ಸಂಭ್ರಮದಿಂದ ಗಂಡನಿಗೆ ಹೇಳಿದೆ. "ಸರಿ, ಸಾರು ಬಡಿಸು" ಅಂದರು.

ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ ಇದೆ. ಮನೆಯದಿರಲಿ ಹೊಲದ್ದಿರಲಿ, ನಕ್ಷೆಯ ಕೊನೆಯ ಗೆರೆಯನ್ನು ನಾವು ಎಳೆಯುವುದಿಲ್ಲ, ಅದು ಜಾಗದ ಮಾಲೀಕರದ್ದು. ಕಾಗದದ ಕಾಲದಲ್ಲಿ ಆಫೀಸಿನ ಯಜಮಾನರು ಅವರ ಕೈಗೆ ಪೆನ್ಸಿಲ್ ಕೊಟ್ಟು ಎಳೆಸುತ್ತಿದ್ದರಂತೆ. ಈಗ ಮಾಲೀಕರನ್ನು ನಮ್ಮ ಕುರ್ಚಿಯಲ್ಲಿ ಕೂರಿಸಿ ಕೀಬೋರ್ಡಿನ ಎರಡು ಕೀಲಿ ಒತ್ತಿಸುತ್ತೇವೆ. ಗೆರೆ ಓಡಿಹೋಗಿ ಮೊದಲಿನ ಮೂಲೆಯನ್ನು ಸೇರಿ ಆಕಾರ ಮುಚ್ಚಿಕೊಳ್ಳುತ್ತದೆ. ಕೆಲವರು ಚಪ್ಪಲಿ ಕಳಚಿ ಬಂದು ಒತ್ತುತ್ತಾರೆ. ಕೀಬೋರ್ಡಿಗೆ ಕೈಮುಗಿದವರನ್ನೂ ನೋಡಿದ್ದೇನೆ. ಮೊದಮೊದಲು ನನಗೆ ನಗು ಬರುತ್ತಿತ್ತು, ಆಮೇಲೆ ನನಗೂ ಅದೇ ಅಭ್ಯಾಸವಾಯಿತು.

ಯಜಮಾನರು ನನ್ನೊಬ್ಬಳ ಕೈಗೇ ಬಿಟ್ಟ ಮೊದಲ ಕೆಲಸ ಸೊರಬದ ಕಡೆಯ ಹೊಸಬಾಳೆ ಊರಿನದು. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ನಿವೃತ್ತರಾದ ಒಬ್ಬ ಹೆಂಗಸು ಬಂದರು. ತವರಿನಿಂದ ಹದಿನಾರು ಗುಂಟೆ ಅವರ ಹೆಸರಿಗೆ ಬಂದಿತ್ತು. ಹಿಂದಿನ ವರ್ಷ ಅದರಲ್ಲಿ ತರಕಾರಿ ಹಾಕಿದ್ದರು. ಭತ್ತದ ಕೊಯ್ಲು ಮುಗಿದ ಮೇಲೆ ಊರಿನಲ್ಲಿ ದನಗಳನ್ನು ಮೇಯಲು ಬಿಡುತ್ತಾರೆ. ಒಂದು ಸಂಜೆ ಮನೆಗೆ ಮರಳುವ ಹಿಂಡು ಒಳಗೆ ನುಗ್ಗಿ ಒಂದು ಎಲೆಯನ್ನೂ ಉಳಿಸಿರಲಿಲ್ಲ. "ಈ ಸಲ ಮೊದ್ಲು ಬೇಲಿ, ಆಮೇಲೆ ಸಸಿ" ಎಂದರು. ಜಾಲರಿ ಎಷ್ಟು ಅಡಿ ಬೇಕು ಎಂಬುದೇ ಅವರಿಗೆ ನನ್ನಿಂದ ಬೇಕಾದದ್ದು.

ಸರ್ವೆ ನಕ್ಷೆಯನ್ನು ಪರದೆಗೆ ತಂದು ಮೂಲೆಯಿಂದ ಮೂಲೆಗೆ ಗೆರೆ ಎಳೆದೆ. ಐದು ಬದಿಯ ಹೊಲ. ನಾಲ್ಕು ಎಳೆದು, ಪದ್ಧತಿಯ ಪ್ರಕಾರ ಐದನೆಯದನ್ನು ಅವರಿಗೆಂದು ಬಿಟ್ಟೆ. ಅವರು ಸೋಮವಾರ ಬರುವುದಿತ್ತು. ಆದರೆ ಶನಿವಾರವೇ ಫೋನು ಮಾಡಿ, ಜಾಲರಿ ಅಂಗಡಿಯ ಗಾಡಿ ನಾಳೆ ಸೊರಬದ ಕಡೆ ಹೊರಟಿದೆ, ಅಳತೆ ಈಗಲೇ ಹೇಳಿ ಎಂದರು. ನಾನು ಕ್ಲಿಕ್ ಮಾಡಿದೆ. ವಿಸ್ತೀರ್ಣ ನೋಡಿದರೆ ಹದಿನಾರು ಗುಂಟೆ, ಪಹಣಿಗೆ ಸರಿಯಾಗಿ ಕೂತಿತ್ತು. ಖುಷಿಯಲ್ಲಿ ಅದರ ಪಕ್ಕದ ಅಂಕಿಯನ್ನೂ ಓದಿ ಹೇಳಿದೆ, "ನಾನೂರ ಐವತ್ತಮೂರು ಅಡಿ ಕಣ್ರೀ, ಒಂದು ಅಡಿಯೂ ಆಚೀಚೆ ಆಗಲ್ಲ."

ಸೋಮವಾರ ಅವರು ಬರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಫೋನು ಬಂತು.

"ಮೇಡಂ, ಜಾಲರಿ ಮುಗ್ದೋಯ್ತು. ರಸ್ತೆ ಕಡೆ ಪೂರಾ ಖಾಲಿ ಉಳ್ಕಂಡಿದೆ."

"ಸರಿಯಾಗಿ ಎಳೆದು ಕಟ್ಟಿದಾರೇನ್ರೀ? ಮಡಚಿಕೊಂಡಿರುತ್ತೆ ನೋಡಿ" ಎಂದು ಗದರಿದೆ. ನನ್ನ ಕೋಪ ಯಾವಾಗಲೂ ನನಗಿಂತ ಮೊದಲು ಬಾಯಿಗೆ ಬರುತ್ತದೆ.

"ಮಡಚೋಕೆ ಅದೇನು ಬಟ್ಟೆನಾ? ಸಸಿ ಬೆಳಿಗ್ಗೇನೇ ಬಂದ್ವು, ನಿಮ್ಮ ಮಾತು ನಂಬ್ಕಂಡು ನೆಡೋಕೂ ಶುರು ಮಾಡಿದೀವಿ. ಐದು ಗಂಟೆಗೆ ದನ ಬರ್ತಾವೆ ಇದೇ ದಾರೀಲಿ."

ಫೈಲು ತೆರೆದೆ. ಹೊಲ ಬಾಯಿ ತೆರೆದುಕೊಂಡು ಕೂತಿತ್ತು. ಆ ಪ್ರೋಗ್ರಾಮಿನ ಗುಣವೇ ಹಾಗೆ. ತೆರೆದ ಆಕಾರವನ್ನೂ ತಾನೇ ಮುಚ್ಚಿದಂತೆ ಭಾವಿಸಿ ವಿಸ್ತೀರ್ಣ ಹೇಳಿಬಿಡುತ್ತದೆ, ಉದ್ದವನ್ನು ಮಾತ್ರ ಗೆರೆ ಇದ್ದಷ್ಟೇ ಹೇಳುತ್ತದೆ. ಮುಚ್ಚಿ ಅಳೆದೆ. ಐನೂರ ಐವತ್ತೊಂದು. ತೊಂಬತ್ತೆಂಟು ಅಡಿ ನಾನು ನುಂಗಿ ಹಾಕಿದ್ದೆ.

ಅಂಗಡಿಗೆ ಫೋನು ಮಾಡಿದರೆ ಜಾಲರಿ ಬುಧವಾರಕ್ಕೆ ಎಂದರು. ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದು ಕಾದು ನಿಂತೆ. ಅವರು ಗೋಡೆಯ ಗಡಿಯಾರ ನೋಡಿ, "ಇಲ್ಲಿ ಯಾಕ್ ನಿಂತೀರಿ? ಹೋಗ್ರೀ ಮೊದ್ಲು" ಅಂದರು.

ಹೋಗಿ ಮಾಡುವುದೇನು? ಮನೆಗೆ ಬಂದು ಬಾಗಿಲು ತೆರೆದಾಗ ಹೊಳೆಯಿತು. ಮೆಕ್ಕೆಜೋಳದ ಹೊಲಕ್ಕೆ ಹಂದಿ ಬಾರದಿರಲೆಂದು ನಮ್ಮ ಕಡೆ ಹಳೆ ಸೀರೆ ಸುತ್ತುತ್ತಾರೆ. ಒಂದು ಸೀರೆ ಎಂದರೆ ಹದಿನೆಂಟು ಅಡಿ. ತೊಂಬತ್ತೆಂಟಕ್ಕೆ ಆರು ಬೇಕು, ಗಂಟು ಹಾಕುವುದರಲ್ಲಿ ಹೋಗುವ ಬಟ್ಟೆಗೆ ಇನ್ನೊಂದು. ಈ ಲೆಕ್ಕಕ್ಕೆ ಕಂಪ್ಯೂಟರು ಬೇಕಾಗಲಿಲ್ಲ. ಕಪಾಟಿನಿಂದ ಕೈಗೆ ಸಿಕ್ಕ ಏಳು ಸೀರೆ ಚೀಲಕ್ಕೆ ತುರುಕಿ ಬಸ್ಸು ಹತ್ತಿದೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಚೀಲದೊಳಗೆ ನೋಡಿದರೆ, ನಾದಿನಿ ಮದುವೆಮನೆಗೆ ಉಡಲು ಕೇಳಿದಾಗಲೂ ಕೊಡದೆ ಬಚ್ಚಿಟ್ಟಿದ್ದ ಹಸಿರು ರೇಷ್ಮೆಯೂ ಅದರಲ್ಲಿತ್ತು. ಹಣೆ ಚಚ್ಚಿಕೊಂಡೆ.

ಸೊರಬದಿಂದ ಆಟೊ ಹಿಡಿದು ಹೊಸಬಾಳೆ ಮುಟ್ಟಿದಾಗ ನಾಲ್ಕು ಗಂಟೆ. ಆ ಹೆಂಗಸು ಕೋಲು ಹಿಡಿದು ಖಾಲಿ ಬದಿಯಲ್ಲಿ ಕಾವಲು ನಿಂತಿದ್ದರು. ನೆರೆಯ ನಾಲ್ಕೈದು ಹೆಂಗಸರು ಒಳಗೆ ಬದನೆ, ಮೆಣಸಿನ ಸಸಿ ನೆಡುತ್ತಿದ್ದರು. ನಾನು ಚೀಲ ಬಿಚ್ಚಿ ಮೊದಲ ಸೀರೆಯನ್ನು ಕಂಬಕ್ಕೆ ಬಿಗಿದೆ. ಒಬ್ಬಾಕೆ ಮಣ್ಣುಗೈ ಒರೆಸಿಕೊಂಡು ಬಂದು ಇನ್ನೊಂದು ತುದಿ ಹಿಡಿದರು. "ಅಯ್ಯೋ, ಸೆರಗು ಮೇಲೆ ಬರ್ಲಿ, ಚೆನ್ನಾಗಿ ಕಾಣುತ್ತೆ" ಎಂದು ಮತ್ತೊಬ್ಬರು ತಿದ್ದಿದರು. ಹಸಿರು ರೇಷ್ಮೆ ಹೊರಬಂದಾಗ ಎಲ್ಲರ ಕೈಯೂ ನಿಂತಿತು.

"ಇದು ಬೇಡ ಬಿಡ್ರೀ, ನಮ್ಮನೇಲಿ ಹಳೇದಿದೆ" ಎಂದರು ತುದಿ ಹಿಡಿದಿದ್ದಾಕೆ.

"ಕಟ್ರೀ" ಅಂದೆ. "ದನಗಳೂ ಒಳ್ಳೆ ಸೀರೆ ನೋಡ್ಲಿ."

ನಗುತ್ತ ನಗುತ್ತ ಏಳನ್ನೂ ಕಟ್ಟಿದೆವು. ಕೊನೆಯ ಗಂಟು ಹಾಕಿದ ಮೇಲೂ ಎರಡು ಗೇಣು ಸೀರೆ ಉಳಿದಿತ್ತು. ನನಗೆ ಹೆಮ್ಮೆ ಎನಿಸಿತು, ಆದರೆ ಅದನ್ನು ಬಾಯಿಬಿಟ್ಟು ಹೇಳುವ ಮುಖ ನನಗಿರಲಿಲ್ಲ.

ಐದಕ್ಕೆ ಧೂಳು ಎದ್ದಿತು. ಮುಂದೆ ಒಂದು ಕಂದು ಬಣ್ಣದ ಮುದಿ ಹಸು, ಹಿಂದೆ ನಲವತ್ತೋ ಐವತ್ತೋ ದನ. ಅದೇ ಹಸು ಹೋದ ವರ್ಷವೂ ಮೊದಲು ನುಗ್ಗಿದ್ದು ಎಂದು ಯಾರೋ ಪಿಸುಗುಟ್ಟಿದರು. ಹಸು ನೇರ ಸೀರೆಯ ಬಳಿ ಬಂದು ನಿಂತಿತು. ಮೂಸಿತು. ಮೂತಿಯಿಂದ ಒಮ್ಮೆ ತಳ್ಳಿತು. ಅಷ್ಟರಲ್ಲಿ ಗಾಳಿ ಬೀಸಿ ಏಳು ಸೀರೆಯೂ ಒಟ್ಟಿಗೆ ಉಬ್ಬಿ ಪಟಪಟನೆ ಬಡಿದುಕೊಂಡವು. ಹಸು ನಾಲ್ಕು ಕಾಲೂ ನೆಲಬಿಟ್ಟು ಹಿಂದಕ್ಕೆ ಹಾರಿ, ಬಾಲ ಎತ್ತಿಕೊಂಡು ಊರಿನ ಕಡೆ ಓಡಿತು. ಇಡೀ ಹಿಂಡು ಅದರ ಹಿಂದೆ ಓಡಿತು. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ದನ ಕಾಯುವವರು ಮಾತ್ರ ನಮ್ಮನ್ನು ಬೈಯುತ್ತ ಹಿಂದೆ ಹೋದರು.

ಹೊಲದ ಒಡತಿ ಒಬ್ಬರು ನಗಲಿಲ್ಲ. ಕೋಲು ಕೆಳಗಿಟ್ಟು, ಬದುವಿನ ಮೇಲೆ ಕುಸಿದು ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು. ಪಕ್ಕಕ್ಕೆ ಹೋಗಿ ಕೂತೆ.

"ತಪ್ಪು ನಂದೇ" ಎಂದೆ. "ಮೇಲಿಂದ ನಿಮ್ಮನ್ನೇ ಗದರಿದೆ."

"ತಪ್ಪು ನಿಂದೇ ಅಂತ ಗೊತ್ತು ಕಣೆ" ಎಂದರು ಅವರು, ಓಡಿಹೋದ ದನಗಳ ಧೂಳನ್ನೇ ನೋಡುತ್ತ. "ಆದ್ರೆ ಹೋದ ವರ್ಷ ನಾನು ಇಲ್ಲಿ ಕೂಗ್ಕಂಡಾಗ ಒಬ್ರೂ ಬರ್ಲಿಲ್ಲ. ನೀನು ಶಿಕಾರಿಪುರದಿಂದ ಬಂದ್ಯಲ್ಲ."

ನನಗೆ ಅಳು ಬಂತು, ಸಂತೋಷಕ್ಕೇ ಬಂತು. ಆರು ಗಂಟೆಯ ಬಸ್ಸು ತಪ್ಪುತ್ತದೆ ಎಂದು ಯಾರೋ ಎಚ್ಚರಿಸಿದರು. ತಪ್ಪಿದರೆ ತಪ್ಪಲಿ ಎಂದು ಚಪ್ಪಲಿ ಬಿಟ್ಟು ಅವರ ಹಿಂದೆ ಸಾಲಿಗೆ ಇಳಿದೆ. ಸಸಿಗಳಿಗೆ ಇನ್ನೂ ನೀರು ಹಾಕಬೇಕಿತ್ತು.