ಮೊದಲ ಪರದೆಯ ಮೇಲಿನ ಹೆಸರು

ಹ್ಯಾಕರ್ ಎಂದರೆ ಬ್ಯಾಂಕಿನ ದುಡ್ಡು ಹೊಡೆಯುವವರು ಎಂದೇ ನಮ್ಮ ಬೀದಿಯವರ ನಂಬಿಕೆ. ಹಾಗಾಗಿ ಸಿದ್ಧಾರ್ಥನಗರದಲ್ಲಿ ನಾನು ಬರೀ ಮೊಬೈಲ್ ರಿಪೇರಿಯವಳು. ದೇವರಾಜ ಮೊಹಲ್ಲಾದ ಒಂದು ಅಂಗಡಿಯ ಮೂಲೆಯಲ್ಲಿ ನನ್ನದೊಂದು ಮೇಜು, ದೀಪ, ಭೂತಗನ್ನಡಿ. ಒಡೆದ ಪರದೆ, ನೀರಿಗೆ ಬಿದ್ದ ಫೋನು ಇವೆಲ್ಲ ಹೊಟ್ಟೆಪಾಡು. ಬಿಡುವು ಸಿಕ್ಕಾಗ ಮಾಡುವುದು ಮಾತ್ರ ಬೇರೆ ಕೆಲಸ. ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್‌ಗಳು ಬರುತ್ತವಲ್ಲ, ಅವುಗಳ ಒಳಗೆ ಕಂಪನಿಯವರು ತಮ್ಮ ಆಟ ಬಿಟ್ಟು ಇನ್ನೇನೂ ಓಡದಂತೆ ಬೀಗ ಹಾಕಿರುತ್ತಾರೆ. ನಮ್ಮಂಥವರು ಆ ಬೀಗ ತೆಗೆದು, ನಾವೇ ಬರೆದ ಪ್ರೋಗ್ರಾಂಗಳನ್ನು ಅದರಲ್ಲಿ ಓಡಿಸುತ್ತೇವೆ. ಕೊಂಡ ವಸ್ತು ಕೊಂಡವರದ್ದಾಗಿರಬೇಕು ಎನ್ನುವುದು ನಮ್ಮ ವಾದ. ಆ ವಾದವನ್ನು ನಾನು ಇಂದಿಗೂ ಬಿಟ್ಟಿಲ್ಲ. ಮೊದಲಿನಷ್ಟು ಜೋರಾಗಿ ಹೇಳಲು ಮಾತ್ರ ಆಗುತ್ತಿಲ್ಲ.

ಈ ಹುಚ್ಚು ಹತ್ತಿದವನು ಊರಿನಲ್ಲಿ ಇನ್ನೊಬ್ಬನಿದ್ದಾನೆ, ನನ್ನ ಗೆಳೆಯ. ಮನೆ ಅಗ್ರಹಾರದಲ್ಲಿ, ಹಗಲು ಕಾಲೇಜಿನಲ್ಲಿ ಗಣಿತ ಪಾಠ. ಅವನ ಮನೆಯ ಹಿರಿಯರು ಅರಮನೆಗೆ ಪಂಚಾಂಗ ಬರೆದುಕೊಡುತ್ತಿದ್ದರಂತೆ. ಇವನು ಗ್ರಹಗತಿಯ ಬದಲು ಕನ್ಸೋಲ್ ಚಿಪ್ಪಿನ ಗತಿ ನೋಡುತ್ತಾನೆ ಎಂದು ನಾನು ಕಾಡಿಸುತ್ತಿದ್ದೆ. ಬುದ್ಧಿಯಲ್ಲಿ ನಾನು ಅವನ ಹತ್ತಿರವೂ ಸುಳಿಯಲಾರೆ. ಬೀಗ ತೆಗೆದ ಕನ್ಸೋಲ್ ಆನ್ ಆದಾಗ ಎಲ್ಲಕ್ಕಿಂತ ಮೊದಲು ಎದ್ದು ಉಳಿದದ್ದನ್ನು ಎಬ್ಬಿಸುವ ಪ್ರೋಗ್ರಾಂ ಒಂದಿರುತ್ತದೆ; ನಾವೆಲ್ಲ ಬಳಸುತ್ತಿದ್ದದ್ದು ಅವನು ಬರೆದದ್ದು. ಯಾವ್ಯಾವುದೋ ದೇಶದ ಜನ ಅದನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುತ್ತಿದ್ದರು. ಒಂದು ರೂಪಾಯಿ ಕೇಳಿದವನಲ್ಲ. ನಮ್ಮ ಬಳಗದ ಪದ್ಧತಿಯೇ ಅದು. ಎಲ್ಲ ಬಿಟ್ಟಿ, ಬರೆದವರ ಹೆಸರು ಮಾತ್ರ ಮೊದಲ ಪರದೆಯ ಮೇಲೆ ಇರಬೇಕು. ಅವನ ಪರದೆಯ ಮೇಲೆ ಒಂದು ತಲೆಬುರುಡೆ, ಅದರ ಕೆಳಗೆ ಅವನು ತನಗೆ ತಾನೇ ಇಟ್ಟುಕೊಂಡ ಅಡ್ಡಹೆಸರು.

ಇನ್ನು ನನ್ನ ಅಮ್ಮ. ರವಿಕೆ ಹೊಲಿಯುವವಳು, ಮಾತಿನಮಲ್ಲಿ. ಹೊಲಿಗೆ ಯಂತ್ರ ನಿಂತರೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಸ್ಟ್ರೋಕ್ ಆದ ಮೇಲೆ ಬಲಗೈ ಸೋತಿತು, ಮಾತು ಪೂರ್ತಿ ಹೋಯಿತು. ನಾವು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಸಿಟ್ಟು ನಗು ಎರಡೂ ಮೊದಲಿನಂತೆಯೇ ಇವೆ, ಬಾಯಿ ತೆರೆದರೆ ಮಾತ್ರ ಬರೀ ಗಾಳಿ. ಮಾತನಾಡಿಸುವ ಆ್ಯಪ್ ಹಾಕಿ ಫೋನು ಕೊಟ್ಟೆ. ನುಣುಪು ಗಾಜಿನ ಮೇಲೆ ಎಡಗೈ ಬೆರಳು ಎಲ್ಲೆಲ್ಲೋ ಜಾರಿತು, ಅದರೊಳಗಿನ ಯಾರೋ ಹೆಂಗಸಿನ ಪುಸ್ತಕದ ಕನ್ನಡ ಕೇಳಿ ಅಮ್ಮ ಮುಖ ಗಂಟಿಕ್ಕಿ ಫೋನನ್ನು ದಿಂಬಿನ ಕೆಳಗೆ ತುರುಕಿದಳು.

ಆಗ ನನ್ನ ಹಳೆಯ ಕನ್ಸೋಲ್ ನೆನಪಾಯಿತು. ಒತ್ತಿದರೆ ಒತ್ತಿದೆನೆಂದು ಬೆರಳಿಗೆ ತಿಳಿಯುವ ಗುಂಡಿಗಳು, ಒಂದೇ ಕೈಯಲ್ಲಿ ಹಿಡಿಯಬಹುದಾದ ಮೈ. ಅದಕ್ಕೊಂದು ಪ್ರೋಗ್ರಾಂ ಬರೆದೆ. ಪರದೆಯಲ್ಲಿ ಚಿತ್ರಗಳು, ಗುಂಡಿ ಒತ್ತಿದರೆ ಮಾತು. ದನಿಗೆ ದೂರ ಹೋಗಬೇಕಾಗಲಿಲ್ಲ. ಅಮ್ಮ ಚೆನ್ನಾಗಿದ್ದಾಗ ದಿನವಿಡೀ ನನಗೆ ವಾಯ್ಸ್ ಮೆಸೇಜು ಕಳಿಸುತ್ತಿದ್ದಳು, ಕೊತ್ತಂಬರಿ ತಾ ಎನ್ನುವುದರಿಂದ ಹಿಡಿದು ಪಕ್ಕದ ಮನೆಯ ಜಗಳದವರೆಗೆ. ಅವುಗಳಿಂದ ಒಂದೊಂದೇ ಮಾತು ಕತ್ತರಿಸಿ ತೆಗೆದೆ. "ಕಾಫಿ ಕೊಡೇ." "ಬೇಡ ಕಣಮ್ಮ." "ಫ್ಯಾನ್ ಹಾಕು." "ಆಯ್ತು ಬುಡು." ತನ್ನದೇ ದನಿ ಮೊದಲ ಸಲ ಕೇಳಿದಾಗ ಅಮ್ಮ ಅತ್ತಳು. ಮಾರನೆಯ ದಿನದಿಂದ ಆ ಡಬ್ಬಿಯಲ್ಲೇ ನನ್ನನ್ನು ಬೈಯಲು ಶುರು ಮಾಡಿದಳು. ನನಗೆ ಬೇರೇನೂ ಬೇಕಿರಲಿಲ್ಲ.

ಒಂದೇ ತಕರಾರು ತಲೆಬುರುಡೆಯದು. ಬೆಳಗ್ಗೆ ವಿಭೂತಿ ಹಚ್ಚಿಕೊಂಡು ಕನ್ಸೋಲ್ ಆನ್ ಮಾಡಿದರೆ ಮೊದಲು ಕಾಣುವುದೇ ಅದು. ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಗೆಳೆಯ ಮನೆಗೆ ಬಂದಿದ್ದಾಗ ಇದನ್ನು ಹೇಳಿದೆ.

"ಶಿವನ ಕೊರಳಲ್ಲಿರೋದೂ ಅದೇ ಅಲ್ವಾ ಅಮ್ಮ?" ಎಂದ.

ಅಮ್ಮ "ಆಯ್ತು ಬುಡು" ಒತ್ತಿ ಗೋಡೆ ಕಡೆ ತಿರುಗಿದಳು. ಅವನು ಬಿದ್ದು ಬಿದ್ದು ನಕ್ಕು, ಅಲ್ಲೇ ಕೂತು ಬುರುಡೆಯನ್ನೂ ತನ್ನ ಹೆಸರನ್ನೂ ತೆಗೆದುಹಾಕಿ, ಅಮ್ಮನ ಹೊಲಿಗೆ ಯಂತ್ರದ ಫೋಟೋ ತೆಗೆದು ಮೊದಲ ಪರದೆಗೆ ಕೂರಿಸಿದ. ತನ್ನ ಹೆಸರನ್ನು ತಾನೇ ಅಳಿಸಿದ್ದು ಅದೊಂದೇ ಯಂತ್ರದಲ್ಲಿ. ಆ ದಿನ ಅವನ ಮೇಲೆ ನನಗೆ ಬಂದ ಪ್ರೀತಿಯನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅದೇ ಹೊತ್ತಿಗೆ ಅವನ ಪ್ರೋಗ್ರಾಂ ಹಾಕಿದ ಕನ್ಸೋಲ್‌ಗಳು ಅಂಗಡಿಗಳಿಗೆ ಬರತೊಡಗಿದ್ದವು. ಯಾರೋ ಹಳೆಯ ಮಾಲನ್ನು ಸಗಟಾಗಿ ಕೊಂಡು, ಬೀಗ ತೆಗೆದು, ಅವನ ಹೆಸರು ಅಳಿಸಿ, ತಮ್ಮ ಅಂಗಡಿಯ ಚಿತ್ರ ಅಂಟಿಸಿ ಮಾರುತ್ತಿದ್ದರು. ಒಂದನ್ನು ನಾನೇ ಅವನಿಗೆ ತೋರಿಸಿದೆ. ಅದನ್ನು ಆನ್ ಮಾಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿ ನೋಡಿದ. ಮುಖ ಬಾಡಿಹೋಯಿತು.

"ಹೆಸರೊಂದು ಬಿಟ್ಟು ಏನ್ ಕೇಳಿದೀನಿ ನಾನು? ಅದನ್ನೂ ಕೆರೆದು ಹಾಕ್ಬಿಟ್ರಲ್ಲ" ಎಂದ. ಆಮೇಲೆ ತಣ್ಣಗೆ, "ಹೆಸರಿಲ್ದೇ ಇರೋ ಯಂತ್ರ ಸಾಯೋ ಹಾಗೆ ಮಾಡ್ತೀನಿ" ಎಂದ.

ಇದು ನಮ್ಮ ಬಳಗಕ್ಕೆ ಹೊಸದಲ್ಲ. ಕದ್ದವರಿಗೆ ಬುದ್ಧಿ ಕಲಿಸಲು ಪ್ರೋಗ್ರಾಂ ಒಳಗೆ ವಿಷ ಇಡುವವರು ಮೊದಲಿನಿಂದಲೂ ಇದ್ದಾರೆ. ವಿಷ ಹತ್ತಿದ ಕನ್ಸೋಲ್ ಎಂದೂ ಏಳುವುದಿಲ್ಲ, ಅದನ್ನು ನಾವು ಇಟ್ಟಿಗೆ ಎನ್ನುತ್ತೇವೆ. ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ನಿಂತೇ ನಾನು ಅವನೊಡನೆ ಕಿತ್ತಾಡಿದೆ.

"ಕದ್ದೋನು ದುಡ್ಡು ಎಣಿಸ್ಕೊಂಡ್ ಹೋಗಿರ್ತಾನೆ ಕಣೋ. ಸಾಯೋದು ಕೊಂಡೋನ ಕೈಲಿ."

"ಕೊಂಡೋನು ಹೋಗಿ ಕದ್ದೋನ್ನ ಹಿಡೀಲಿ."

"ಕಂಪನಿಯವ್ರೂ ಇದೇ ಮಾತು ಹೇಳೋದು. ನಿಂಗೂ ಅವ್ರಿಗೂ ಏನೋ ವ್ಯತ್ಯಾಸ?"

ಈ ಮಾತು ಅವನಿಗೆ ನಾಟಿತು ಎಂದುಕೊಂಡೆ. ಅವನು ಸೈಕಲ್ ಹತ್ತಿ ಹೋದ. ಆಮೇಲೆ ಅದರ ಸುದ್ದಿಯೇ ಎತ್ತಲಿಲ್ಲ, ನಾನೂ ಸುಮ್ಮನಾದೆ.

ಅಮ್ಮನ ಕನ್ಸೋಲ್ ಮಧ್ಯೆ ಮಧ್ಯೆ ತಾನಾಗಿಯೇ ನಿದ್ದೆಗೆ ಜಾರುವ ಕಾಯಿಲೆ ಹತ್ತಿಸಿಕೊಂಡಿತ್ತು. ಅದಕ್ಕೆ ಅವನೇ ಒಂದು ದಿನ ಮೆಸೇಜು ಹಾಕಿದ, ಹೊಸ ಆವೃತ್ತಿಯಲ್ಲಿ ಅದನ್ನು ಸರಿ ಮಾಡಿದ್ದೇನೆ, ಅಮ್ಮನದಕ್ಕೆ ಮೊದಲು ಹಾಕು ಎಂದು. ಹಾಕಿದೆ. ಮೊದಲ ಪರದೆಯ ಚಿತ್ರ ಬೇರೆಯಾಗಿ ಮೆಮೊರಿ ಕಾರ್ಡಿನಲ್ಲಿರುವುದರಿಂದ ಹೊಲಿಗೆ ಯಂತ್ರ ಹಾಗೆಯೇ ಉಳಿಯಿತು, ನಿದ್ದೆಯ ಕಾಟ ನಿಜಕ್ಕೂ ನಿಂತಿತು. ಒಂದಷ್ಟು ದಿನ ಎಲ್ಲ ಚೆನ್ನಾಗಿತ್ತು.

ಆಮೇಲೊಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ಬಾಗಿಲು ತೆರೆದಾಗ ಎಂದಿನಂತೆ "ಈಗ ಬಂದ್ಯಾ?" ಎನ್ನುವ ದನಿ ಬರಲಿಲ್ಲ. ಅಮ್ಮ ಮಂಚದ ಅಂಚಿನಲ್ಲಿ ಕೂತಿದ್ದಳು. ಎಡಗೈಯಿಂದ ಬಲಗೈಯನ್ನು ಎತ್ತಿ ಬಿಡುವುದು, ಕೆನ್ನೆ ಮುಟ್ಟಿ ನೋಡುವುದು, ನಾಲಿಗೆ ಹೊರಗೆ ಚಾಚುವುದು, ಮತ್ತೆ ಮೊದಲಿನಿಂದ. ಆಸ್ಪತ್ರೆಯಲ್ಲಿ ಡಾಕ್ಟರು ಅವಳಿಂದ ಮಾಡಿಸುತ್ತಿದ್ದ ಪರೀಕ್ಷೆಗಳು ಅವು. ಕನ್ಸೋಲ್ ನೆಲದ ಮೇಲೆ ಕಪ್ಪಗೆ ಬಿದ್ದಿತ್ತು. ಏನೋ ಹೇಳುತ್ತಿದ್ದವಳಿಗೆ ನಡುಮಾತಿನಲ್ಲಿ ದನಿ ನಿಂತುಹೋಗಿತ್ತು. ನಿಂತದ್ದು ಯಂತ್ರ ಎಂದು ಅವಳಿಗೆ ಹೊಳೆಯಲೇ ಇಲ್ಲ. ಹಿಂದಿನ ಸಲ ಮಾತು ನಿಂತದ್ದೂ ಹೀಗೆಯೇ, ನಡುಮಾತಿನಲ್ಲಿ. ತನಗೆ ಇನ್ನೊಮ್ಮೆ ಸ್ಟ್ರೋಕ್ ಆಯಿತೆಂದೇ ತಿಳಿದು, ಕೂಗಲು ಬಾಯಿಲ್ಲದೆ, ಒಬ್ಬಳೇ ಎಷ್ಟು ಹೊತ್ತು ಹಾಗೆ ಕೂತಿದ್ದಳೋ.

ತಬ್ಬಿಕೊಂಡೆ. "ನಿಂಗೇನೂ ಆಗಿಲ್ಲ ಕಣಮ್ಮ, ಡಬ್ಬಿ ಕೆಟ್ಟೋಗದೆ ಅಷ್ಟೆ" ಎಂದು ಹೇಳಿದ್ದನ್ನೇ ಹೇಳಿದೆ. ಅವಳು ನಂಬಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಡಾಕ್ಟರ ಬಾಯಿಂದ ಹೇಳಿಸಿದ ಮೇಲೆಯೇ ಭಯ ಇಳಿದದ್ದು.

ಅಂದು ಸಂಜೆ ಕನ್ಸೋಲ್ ಬಿಚ್ಚಿದೆ. ಬ್ಯಾಟರಿ ಸರಿ, ತಂತಿ ಸರಿ. ಒಳಗಿನ ಚಿಪ್ಪಿಗೆ ಕೂದಲೆಳೆಯಂಥ ತಂತಿಗಳನ್ನು ಬೆಸೆದು, ಅದರಲ್ಲಿ ಬರೆದಿರುವುದನ್ನು ಕಂಪ್ಯೂಟರಿನಲ್ಲಿ ತೆರೆದೆ. ಅಲ್ಲಿ ಏನೇನೋ ಇರಬೇಕಿತ್ತು. ಇದ್ದದ್ದು ಒಂದೇ ಪದ. ಈ ತುದಿಯಿಂದ ಆ ತುದಿವರೆಗೆ, ಒಂದಿಷ್ಟೂ ಜಾಗ ಬಿಡದೆ, ಗೆಳೆಯನ ಅಡ್ಡಹೆಸರು. ಪರದೆಯನ್ನು ಕೆಳಗೆ ಜಾರಿಸಿದಷ್ಟೂ ಅದೇ. ಅವನಿಟ್ಟ ವಿಷ ಚಿಪ್ಪಿನಲ್ಲಿದ್ದದ್ದನ್ನೆಲ್ಲ ಅಳಿಸಿ ಅವನ ಹೆಸರು ತುಂಬಿತ್ತು.

ಫೋನು ಮಾಡಿದೆ. ನಾನು ಏನು ಬೈದೆ ಎನ್ನುವುದನ್ನು ಇಲ್ಲಿ ಬರೆಯುವಂತಿಲ್ಲ.

"ಅಮ್ಮನದ್ರಲ್ಲಿ ನನ್ನ ಹೆಸರಿಲ್ಲ ಅನ್ನೋದು ಮರ್ತೇ ಹೋಗಿತ್ತು ಕಣೇ" ಎಂದ ಅವನು. "ನನ್ನ ಹತ್ರ ಇರೋ ಎಲ್ಲದ್ರಲ್ಲೂ ಇದೆಯಲ್ಲ. ಟೆಸ್ಟ್ ಮಾಡಿದ್ದು ಅವುಗಳ ಮೇಲೆ."

"ತಕ್ಷಣ ಯಾಕೆ ಸಾಯ್ಲಿಲ್ಲ ಅದು?"

"ಅಂಗಡಿಯವನು ಚೆಕ್ ಮಾಡ್ವಾಗ ಗೊತ್ತಾಗ್ಬಾರ್ದು ಅಂತ. ಕೆಲವು ದಿನ ಬಳಸಿದ್ಮೇಲೆ..." ಎಂದು ನಿಲ್ಲಿಸಿದ.

ಎಷ್ಟು ಯೋಚಿಸಿದ್ದಾನೆ ನೋಡಿ. ಕಳ್ಳನ ಬುದ್ಧಿಯನ್ನು ಮೂಲೆಮೂಲೆಯವರೆಗೆ ಲೆಕ್ಕ ಹಾಕಿದವನಿಗೆ ಅಮ್ಮನ ಹೊಲಿಗೆ ಯಂತ್ರ ನೆನಪಾಗಲಿಲ್ಲ. ದುಷ್ಟನಾಗಿದ್ದರೆ ದ್ವೇಷಿಸಿ ಕೈತೊಳೆದುಕೊಳ್ಳುತ್ತಿದ್ದೆ. ಅವನು ದುಷ್ಟನಲ್ಲ, ಅದೇ ನನ್ನ ಸಂಕಟ.

ಕತ್ತರಿಸಿಟ್ಟ ಮಾತುಗಳೆಲ್ಲ ಇದ್ದದ್ದು ಕನ್ಸೋಲಿನ ಮೆಮೊರಿ ಕಾರ್ಡಿನಲ್ಲಿ. ಆದರೆ ಪ್ರತಿ ಕನ್ಸೋಲೂ ತನ್ನ ಕಾರ್ಡನ್ನು ತನ್ನದೇ ಕೀಲಿಯಿಂದ ಮುಚ್ಚಿಡುತ್ತದೆ, ಆ ಕೀಲಿ ಇರುವುದು ಚಿಪ್ಪಿನಲ್ಲಿ. ಚಿಪ್ ಹೋದರೆ ಕಾರ್ಡೂ ಹೋದಂತೆ. ಮೂಲ ಮೆಸೇಜುಗಳಿದ್ದ ನನ್ನ ಹಳೆಯ ಫೋನು ಆಗಲೇ ಸತ್ತಿತ್ತು. ಜಗತ್ತಿನಲ್ಲಿ ಅಮ್ಮನ ದನಿ ಉಳಿದಿದ್ದದ್ದು ಆ ಕಾರ್ಡಿನಲ್ಲಿ ಮಾತ್ರ. ಪುಣ್ಯಕ್ಕೆ ನಮ್ಮಲ್ಲೊಂದು ಕಟ್ಟಳೆಯಿದೆ: ಬೀಗಕ್ಕೆ ಕೈ ಹಾಕುವ ಮುನ್ನ ಚಿಪ್ಪಿನ ನಕಲು ತೆಗೆದಿಡಬೇಕು. ತೆಗೆದಿದ್ದೆ. ಆ ನಕಲನ್ನು ಮತ್ತೆ ಚಿಪ್ಪಿಗೆ ಬರೆಯುವಾಗ ಮೊಣಕೈಗಳನ್ನು ಮೇಜಿಗೆ ಊರಿಕೊಂಡಿದ್ದೆ. ಬರೆದ ಮೇಲೆ ಹಳೆಯ ಆವೃತ್ತಿಯನ್ನೇ ಹಾಕಿದೆ. ಹೊಲಿಗೆ ಯಂತ್ರ ಕಾಣಿಸಿತು. ಗುಂಡಿ ಒತ್ತಿದೆ. "ಕಾಫಿ ಕೊಡೇ" ಎಂದಳು ಅಮ್ಮ ಡಬ್ಬಿಯೊಳಗಿಂದ. ನಾನು ಮೇಜಿಗೆ ತಲೆಯಿಟ್ಟು ಅತ್ತೆ.

ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಅಮ್ಮ ಅದನ್ನು ಮೊದಲಿನಂತೆ ಹಿಡಿಯಲೇ ಇಲ್ಲ. ಬಿಸಿ ಪಾತ್ರೆಯನ್ನು ಮುಟ್ಟುವಂತೆ ಮುಟ್ಟುತ್ತಾಳೆ. ಬೈಗುಳ ನಿಂತುಹೋಗಿದೆ, ಪಕ್ಕದ ಮನೆಯ ಸುದ್ದಿ ಕೇಳುವುದೂ ನಿಂತಿದೆ. ಅದರಲ್ಲಿ ಒಂದು ಮಾತಿದೆ. ಹಿಂದೊಮ್ಮೆ ಮನೆಗೆ ಬೀಗ ಹಾಕಿದ್ದನ್ನು ನೋಡಿ ಎಲ್ಲಿದ್ದೀಯ ಎಂದು ನಾನು ಕೇಳಿದ್ದಕ್ಕೆ ಅವಳು ಕಳಿಸಿದ್ದ ಉತ್ತರ: "ಇದೀನಿ ಕಣೇ, ಎಲ್ಲೋಗ್ತೀನಿ?" ಉಪಯೋಗವಿಲ್ಲದಿದ್ದರೂ ಕೇಳಲು ಚೆಂದವೆಂದು ಸೇರಿಸಿದ್ದೆ. ಮೊದಲು ಅವಳು ಅದನ್ನು ಒತ್ತಿದ್ದೇ ಇಲ್ಲ. ಈಗ ದಿನಾ ಬೆಳಗ್ಗೆ ಮೊದಲು ಒತ್ತುವುದು ಅದನ್ನೇ. ಒತ್ತಿ, ತಲೆಯೆತ್ತಿ ಕಾಯುತ್ತಾಳೆ. ಅಡುಗೆಮನೆಯಿಂದ ನಾನು "ಇದೀಯ ಕಣಮ್ಮ" ಎಂದು ಕೂಗಬೇಕು. ಕೂಗದಿದ್ದರೆ ಮತ್ತೆ ಒತ್ತುತ್ತಾಳೆ.

ಅಂಗಡಿಗೂ ಇಟ್ಟಿಗೆಗಳು ಬರತೊಡಗಿದವು. ಮಗಳ ಪರೀಕ್ಷೆ ಮುಗಿದ ಖುಷಿಗೆ ಕೊಡಿಸಿದ್ದೆ ಎಂದು ಒಬ್ಬರು ತಂದರು. ಅವರ ಚಿಪ್ಪಿನ ನಕಲು ಯಾರ ಬಳಿಯೂ ಇಲ್ಲ. "ಏನೂ ಮಾಡಕ್ಕಾಗಲ್ಲ ಕಣ್ರೀ" ಎಂದೆ. ಯಾರ ಕೆಲಸವೆಂದು ಗೊತ್ತಿದ್ದೂ ಬಾಯಿ ಬಿಡಲಾಗಲಿಲ್ಲ.

ಮೊನ್ನೆ ಭಾನುವಾರ ಬೆಳಗ್ಗೆ ಗೆಳೆಯ ಬಂದ. ಅಂದಿನಿಂದ ಮುಖ ತೋರಿಸಿರಲಿಲ್ಲ. ಬಾಗಿಲಲ್ಲೇ ನಿಂತು, "ತೆಗೆದ್ಬಿಟ್ಟೆ ಅದನ್ನ. ಹೊಸದ್ರಲ್ಲಿ ಇಲ್ಲ" ಎಂದ. ಆಗಲೇ ಹೊರಗೆ ಹೋದದ್ದನ್ನು ವಾಪಸು ಕರೆಯಲು ಬರುವುದಿಲ್ಲವೆಂದು ಅವನಿಗೂ ಗೊತ್ತು. ನಾನು ಬಾ ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಅವನೇ ಒಳಗೆ ಬಂದು ಅಮ್ಮನ ಮಂಚದ ಎದುರು ಸ್ಟೂಲಿನ ಮೇಲೆ ಕೂತ. ನಾನು ಕಾಫಿಗಿಡಲು ಅಡುಗೆಮನೆಗೆ ಹೋದೆ.

ಅಮ್ಮ ವಿಭೂತಿ ಹಚ್ಚಿಕೊಂಡು ಕನ್ಸೋಲ್ ಆನ್ ಮಾಡಿದ ಸದ್ದು ಕೇಳಿತು.

"ಇದೀನಿ ಕಣೇ, ಎಲ್ಲೋಗ್ತೀನಿ?"

ನಾನು ಉತ್ತರಿಸಲಿಲ್ಲ. ಬೇಕೆಂದೇ ಬಾಯಿ ಮುಚ್ಚಿಕೊಂಡು, ಉಕ್ಕುವ ಹಾಲನ್ನು ನೋಡುತ್ತ ನಿಂತೆ.

"ಏನಂತೆ ಅಮ್ಮಂಗೆ?" ಎಂದು ಅವನು ಒಳಗೆ ತಿರುಗಿ ಕೇಳಿದ.

"ಆವತ್ತು ಅದು ಕೈಲೇ ಸತ್ತಾಗ ತಾನೇ ಸತ್ತೆ ಅನ್ಕೊಂಡ್ಲು. ಅದಕ್ಕೇ ದಿನಾ ಬೆಳಗ್ಗೆ ಕೇಳ್ತಾಳೆ. ಯಾರಾದ್ರೂ ಹೂಂ ಅನ್ಬೇಕು."

ಅಮ್ಮ ಇನ್ನೊಮ್ಮೆ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ನಾನು ಒಲೆ ಆರಿಸಿದೆ.

"ಇದೀರ ಅಮ್ಮ," ಎಂದ ಅವನು ಮೆಲ್ಲಗೆ. ಅಮ್ಮನಿಗೆ ಕೇಳಿಸಲಿಲ್ಲವೇನೋ, ಮತ್ತೆ ಒತ್ತಿದಳು. ಅವನು ಇನ್ನೂ ಜೋರಾಗಿ ಹೇಳಬೇಕಾಯಿತು.